ಮನೆಯ ನಕ್ಷೆಗೆ ಮೊದಲು ವಲಯದ ನಕ್ಷೆ: ನನ್ನ ಅನುಭವ

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಳಗಿರುವ ನಮ್ಮ 30×40 ಅಡಿಯ ಸೈಟಿನಲ್ಲಿ ಮನೆಯನ್ನೂ ಅದರ ಮುಂಭಾಗದಲ್ಲಿ ಚಿಕ್ಕದೊಂದು ಅಂಗಡಿಯನ್ನೂ ಕಟ್ಟಬೇಕೆಂದು ಮನೆಯವರೆಲ್ಲ ನಿಶ್ಚಯಿಸಿದಾಗ, ಇಂಜಿನಿಯರರನ್ನು ಕಾಣುವುದಕ್ಕೆ ಮೊದಲೇ ನಗರದ ಯಾವ ಭಾಗದಲ್ಲಿ ಏನನ್ನು, ಎಷ್ಟು ಕಟ್ಟಬಹುದೆಂದು ಹೇಳುವ ಪರಿಷ್ಕೃತ ಮಹಾ ಯೋಜನೆ 2015ರ ವಲಯ ನಿಯಮಾವಳಿಯನ್ನು ನಾನೇ ಓದಿದೆ. 2007ರಲ್ಲಿ ಅನುಮೋದನೆ ಪಡೆದ ಈ ಯೋಜನೆಯ ಜಾಗಕ್ಕೆ ಬರಬೇಕಿದ್ದ 2031ರ ಯೋಜನೆ ಕರಡಿನ ಹಂತದಲ್ಲೇ ನಿಂತುಹೋದ ಕಾರಣ, ಹೆಸರಿನಲ್ಲಿರುವ ವರ್ಷ ಕಳೆದ ಮೇಲೂ ನೋಡಬೇಕಾದದ್ದು ಇದನ್ನೇ.

ಕ್ರಯಪತ್ರದಲ್ಲಿದ್ದ ಸರ್ವೆ ನಂಬರನ್ನು ಗ್ರಾಮ ನಕಾಶೆಯಲ್ಲಿ ಗುರುತಿಸಿಕೊಂಡು, ಅದೇ ಜಾಗವನ್ನು ಮಹಾ ಯೋಜನೆಯ ಭೂ ಉಪಯೋಗ ನಕ್ಷೆಯಲ್ಲಿ ಹುಡುಕಿದೆ. ಹಳದಿ ಬಣ್ಣ ವಸತಿ ವಲಯ, ನೀಲಿ ವಾಣಿಜ್ಯ, ಹಸಿರು ಉದ್ಯಾನ, ನಮ್ಮದು ಹಳದಿಯಲ್ಲಿತ್ತು. ಖಾತಾ ಇದೆಯಲ್ಲ, ಇನ್ನೇನು ಬೇಕು ಎಂದು ಕೇಳುವವರು ಬಹಳ ಮಂದಿ ಇದ್ದಾರೆ, ಆದರೆ ಖಾತಾ ತೆರಿಗೆಗೆ ಸಂಬಂಧಿಸಿದ ದಾಖಲೆಯೇ ಹೊರತು ವಲಯವನ್ನು ಹೇಳುವುದಿಲ್ಲ. ಕೃಷಿ ಜಮೀನಿನ ಭೂ ಪರಿವರ್ತನೆಯಂತೂ 1964ರ ಭೂ ಕಂದಾಯ ಕಾಯಿದೆಯ 95ನೇ ಕಲಮಿಗೆ ಸೇರಿದ್ದು. ವಲಯ ಬದಲಾವಣೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯ ವಿಷಯ. ಇವೆರಡನ್ನೂ ಒಂದೇ ಎಂದು ಹೇಳುವ ದಲ್ಲಾಳಿಯ ಮಾತನ್ನು ನಾನು ನಂಬುವುದಿಲ್ಲ.

ಹತ್ತಿರದಲ್ಲಿ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ಕಾಲುವೆ, ಇದ್ದುದರಿಂದ ಅದರ ಪಕ್ಕದಲ್ಲಿ ಏನನ್ನೂ ಕಟ್ಟದೆ ಬಿಡಬೇಕಾದ ಮೀಸಲು ಅಂತರವನ್ನೂ ಅಳೆಯಿಸಿದೆ. ಹಸಿರು ನ್ಯಾಯಮಂಡಳಿ 2016ರಲ್ಲಿ ಹೆಚ್ಚಿಸಿದ್ದ ಅಂತರವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತಳ್ಳಿಹಾಕಿದ ಮೇಲೆ ಮಹಾ ಯೋಜನೆಯಲ್ಲಿದ್ದ 50, 25 ಮತ್ತು 15 ಮೀಟರುಗಳೇ ಅನ್ವಯಿಸುತ್ತಿದ್ದವು. ಅವು ಕ್ರಮವಾಗಿ ಪ್ರಾಥಮಿಕ, ದ್ವಿತೀಯ ಮತ್ತು ತೃತೀಯ ಕಾಲುವೆಗಳ ಮಧ್ಯರೇಖೆಯಿಂದ ಲೆಕ್ಕಕ್ಕೆ ಬರುತ್ತಿದ್ದವು. ಇಂಥ ಅಂಕಿಗಳು ತಿದ್ದುಪಡಿಯಾಗುತ್ತಲೇ ಇರುವುದರಿಂದ ಕಟ್ಟುವ ವರ್ಷದ ಅಧಿಸೂಚನೆಯನ್ನೇ ನೋಡುವುದು ಕ್ಷೇಮ.

ನಿಜವಾದ ಲೆಕ್ಕ ಆರಂಭವಾಗುವುದು ಎಫ್‌ಎಆರ್‌ನಿಂದ, ಅಂದರೆ ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಜಾಗವನ್ನು ಎಲ್ಲ ಮಹಡಿಗಳನ್ನೂ ಕೂಡಿಸಿ ಕಟ್ಟಬಹುದು ಎಂಬುದರಿಂದ. ನಾನು ಓದಿದ ಕೋಷ್ಟಕದಲ್ಲಿ 360 ಚದರ ಮೀಟರ್‌ವರೆಗಿನ ವಸತಿ ಸೈಟಿಗೆ, 12 ಮೀಟರ್‌ವರೆಗಿನ ರಸ್ತೆಯಲ್ಲಿ, ಎಫ್‌ಎಆರ್ 1.75 ಮತ್ತು ನೆಲವ್ಯಾಪ್ತಿ, ಅಂದರೆ ಸೈಟಿನಲ್ಲಿ ಕಟ್ಟಡ ಆವರಿಸಬಹುದಾದ ಪಾಲು, ಶೇ 75 ಎಂದಿತ್ತು. ಆ ಪ್ರಕಾರ ನಮ್ಮ 1,200 ಚದರಡಿಯಲ್ಲಿ ಒಟ್ಟು 2,100 ಚದರಡಿ ಕಟ್ಟಬಹುದು, ಒಂದು ಮಹಡಿ 900 ಚದರಡಿಯನ್ನು ಮೀರುವಂತಿಲ್ಲ, ಕಟ್ಟಡದ ಸುತ್ತ ಖಾಲಿ ಇರಬೇಕಾದ ಸೆಟ್‌ಬ್ಯಾಕ್ ಬಿಟ್ಟಮೇಲೆ ಅಷ್ಟೂ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಪೂರ್ತಿ ಅಳತೆಯ ಮೂರು ಮಹಡಿಗಳನ್ನು ಎಬ್ಬಿಸಿಕೊಡುತ್ತೇನೆಂದು ಮೇಸ್ತ್ರಿ ಹೇಳಿದ್ದ 2,700 ಚದರಡಿ ಈ ಲೆಕ್ಕದಲ್ಲಿ ಎಲ್ಲಿಯೂ ಕೂರುವುದಿಲ್ಲ. ಕಾರು ನಿಲ್ಲಿಸಲು ಕೆಳಗೆ ಕಂಬಗಳ ನಡುವೆ ತೆರೆದಿಡುವ ಸ್ಟಿಲ್ಟ್ ಮಾತ್ರ ಎಫ್‌ಎಆರ್‌ಗೆ ಸೇರುವುದಿಲ್ಲ.

ಅಂಗಡಿಯ ವಿಷಯದಲ್ಲಿ ಮೂಲ ನಿಯಮಾವಳಿ ಉದಾರವಾಗಿಯೇ ಇತ್ತು: ವಸತಿ ಕಟ್ಟಡದ ಶೇ 20 ಅಥವಾ 50 ಚದರ ಮೀಟರ್, ಇವುಗಳಲ್ಲಿ ಹೆಚ್ಚಿನದನ್ನು ಅಂಗಡಿಯಂಥ ಪೂರಕ ಬಳಕೆಗೆ ಬಿಡಬಹುದಿತ್ತು. ಆದರೆ ನಗರದ ಒಳಭಾಗದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಗಳ ವಾಣಿಜ್ಯ ಬಳಕೆಯನ್ನು ನಿರ್ಬಂಧಿಸುವ ತಿದ್ದುಪಡಿ ಆಮೇಲೆ ಬಂದಿದೆ, ನಮ್ಮ ರಸ್ತೆಯ ಅಗಲವೋ 30 ಅಡಿ. ಆದ್ದರಿಂದ ಅಂಗಡಿಯನ್ನು ಕೈಬಿಟ್ಟು, ಕೆಳಗೆ ಸ್ಟಿಲ್ಟ್, ಮೇಲೆ ವಾಸದ ಎರಡು ಮಹಡಿ ಮತ್ತು ಉಳಿಕೆ ಎಫ್‌ಎಆರ್‌ನಲ್ಲಿ ಒಂದು ಕೋಣೆ ಎಂದು ಬರೆದುಕೊಂಡು ಇಂಜಿನಿಯರರ ಬಳಿಗೆ ಹೋದೆ.