ಬಲದ ನಳಿಗೆ ಹೊಟ್ಟದ ಕೋವಿಯನ್ನು ಕಂಪೆನಿಯಿಂದಲೇ ಸರಿಮಾಡಿಸಿದ್ದು

ಕೋವಿ ಕೈಕೊಟ್ಟರೆ ಕಂಪೆನಿಯವರು ತಿರುಗಿಯೂ ನೋಡುವುದಿಲ್ಲ ಎಂದು ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆಯ ಲೈಸೆನ್ಸುದಾರರೆಲ್ಲ ಹೇಳಿದ್ದರು. ನನ್ನ ಹನ್ನೆರಡು ಬೋರಿನ ಜೋಡುನಳಿಗೆ ಈಗ ಎರಡೂ ಕಡೆ ಹೊಟ್ಟುತ್ತದೆ, ಅಂದರೆ ಈಡು ಹಾರುತ್ತದೆ. ಬಿಡಿಭಾಗಕ್ಕಾಗಲಿ ಕೂಲಿಗಾಗಲಿ ಕಂಪೆನಿ ಒಂದು ರೂಪಾಯಿ ತೆಗೆದುಕೊಂಡಿಲ್ಲ. ಸುಮಾರು ಐದು ತಿಂಗಳು ಹಿಡಿಯಿತು, ಅದರಲ್ಲಿ ಎರಡು ತಿಂಗಳು ನಾನೇ ತಪ್ಪು ದಾರಿಯಲ್ಲಿ ಕಳೆದದ್ದು.

ಮೊದಲ ತಪ್ಪು, 'ಕೋವಿ ಕೆಲವೊಮ್ಮೆ ಹೊಟ್ಟುವುದಿಲ್ಲ' ಎಂದು ಎರಡು ಸಾಲಿನ ಇಮೇಲ್ ಹಾಕಿದ್ದು. ತೋಟೆ ಸರಿಯಿಲ್ಲ ಎಂದು ಕಂಪೆನಿ ಬರೆಯಿತು. ತೋಟೆಯವರಿಗೆ ಬರೆದರೆ ಕೋವಿ ಸರಿಯಿಲ್ಲ ಎಂದರು. ಎರಡನೆಯ ತಪ್ಪು, ಅಂಗಡಿಯಲ್ಲಿ 1,800 ರೂಪಾಯಿ ಕೊಟ್ಟು ಬಿಚ್ಚಿ ತೊಳೆಸಿದ್ದು. ದೋಷ ಹಾಗೇ ಉಳಿಯಿತು, ಅಡಿತಗಡಿನ ಸ್ಕ್ರೂ ತಲೆಯಲ್ಲಿ ಗೀರು ಬಿತ್ತು. 'ಹೊರಗಿನವರು ಬಿಚ್ಚಿದ್ದಾರೆ' ಎಂಬ ಆಕ್ಷೇಪಕ್ಕೆ ಆ ಗೀರು ಸಾಕಾಯಿತು. ಬಿಚ್ಚುವ ಮೊದಲು ಪ್ರತಿ ಸ್ಕ್ರೂವಿನ ಫೋಟೋ ತೆಗೆದಿಡಿ, ಬಿಚ್ಚದಿದ್ದರೆ ಇನ್ನೂ ಒಳ್ಳೆಯದು. ಕಮ್ಮಾರನ ಬಳಿಗಂತೂ ಹೋಗಲೇಬೇಡಿ. 1959ರ ಆಯುಧ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ರಿಪೇರಿಗೂ ಲೈಸೆನ್ಸ್ ಬೇಕು.

ದಾರಿ ತಿರುಗಿದ್ದು ಅದೇ ತೋಟೆಯನ್ನು ನಳಿಗೆ ಬದಲಿಸಿ ಹಾಕಿ ನೋಡಿದ ಮೇಲೆ. ಒಂದೇ ಬ್ಯಾಚಿನ ಐವತ್ತು ತೋಟೆ, ಅನುಮತಿ ಇರುವ ರೇಂಜಿನಲ್ಲಿ. ಇಪ್ಪತ್ತೈದು ಬಲಕ್ಕೆ, ಇಪ್ಪತ್ತೈದು ಎಡಕ್ಕೆ. ಎಡದಲ್ಲಿ ಎಲ್ಲವೂ ಹೊಟ್ಟಿದವು, ಬಲದಲ್ಲಿ ಏಳು ಬರೀ 'ಟಕ್' ಅಂದವು. ಆ ಏಳರಲ್ಲಿ ಎರಡನ್ನು ಸಾಕ್ಷಿಗೆಂದು ಬದಿಗಿಟ್ಟು ಉಳಿದ ಐದನ್ನು ಎಡಕ್ಕೆ ಹಾಕಿದೆ, ಐದೂ ಹೊಟ್ಟಿದವು. ತೋಟೆಯ ಮೇಲೆ ತಪ್ಪು ಹೊರಿಸಲು ಆಮೇಲೆ ಯಾರಿಗೂ ಆಗಲಿಲ್ಲ. ಈ ಪರೀಕ್ಷೆಯಲ್ಲಿ ಅವಸರ ಕೂಡದು. 'ಟಕ್' ಅಂದಾಗ ನಳಿಗೆಯನ್ನು ಗುರಿಯ ದಿಬ್ಬಕ್ಕೇ ಹಿಡಿದು ಪೂರ್ತಿ ಒಂದು ನಿಮಿಷ ಕಾಯಬೇಕು, ತಡವಾಗಿ ಹೊಟ್ಟುವುದುಂಟು. ಶಬ್ದ ಸಣ್ಣದಾಗಿ 'ಠುಸ್' ಅಂದರೆ ಇನ್ನೊಂದು ತೋಟೆ ಹಾಕುವ ಮೊದಲು ನಳಿಗೆಯೊಳಗೆ ಬೆಳಕು ಕಾಣುತ್ತದೋ ನೋಡಬೇಕು. ವಾಡ್ (ಮದ್ದಿಗೂ ಚಿಲ್ಲಿಗೂ ನಡುವಿನ ಬಿರಡೆ) ಒಳಗೆ ಸಿಕ್ಕಿಕೊಂಡಿದ್ದರೆ ಮುಂದಿನ ಈಡಿಗೆ ನಳಿಗೆಯೇ ಸೀಳಬಹುದು.

ಆಮೇಲೆ ನೋಡಿದ್ದು ಕೇಪಿನ (ತೋಟೆಯ ಬುಡದಲ್ಲಿ ಕಿಡಿ ಹಾರಿಸುವ ಪುಟ್ಟ ಬಟ್ಟಲು) ಮೇಲೆ ಕೋವಿಯ ಪಿನ್ನು ಬಡಿದು ಬಿದ್ದ ಗುಳಿ. ಎಡದ್ದು ದುಂಡಗೆ, ಆಳವಾಗಿ, ಒಳಗೆ ನುಣ್ಣಗೆ. ಬಲದ್ದು ಚಪ್ಪಟೆ ತಳದ್ದು, ಒಂದು ಬದಿಗೆ ವಾಲಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು, ಸ್ಕೇಲು ಹಿಡಿದು, ಸಂಜೆಯ ಓರೆ ಬಿಸಿಲಿನಲ್ಲಿ ಫೋಟೋ ತೆಗೆದೆ. ನಡುಮಧ್ಯಾಹ್ನದ ಬೆಳಕಿನಲ್ಲಿ ಆಳ ಕಾಣುವುದಿಲ್ಲ. ಹೊಟ್ಟಿದ ಖಾಲಿ ಕೇಸುಗಳನ್ನು ಮಾತ್ರ ಲೇತ್ ಅಂಗಡಿಗೆ ಒಯ್ದು ಡಯಲ್ ಗೇಜಿನಲ್ಲಿ ಅಳೆಸಿದೆ. ನೆನಪಿದ್ದಂತೆ ಎಡ 0.6 ಮಿ.ಮೀ. ಹತ್ತಿರ, ಬಲ 0.3ರ ಆಚೀಚೆ. ಹೊಟ್ಟದ ತೋಟೆಯನ್ನು ವರ್ಕ್‌ಶಾಪಿಗೂ ಒಯ್ಯಬಾರದು, ಅಂಚೆಗೂ ಹಾಕಬಾರದು. ಗೇಜಿಲ್ಲದೆ ಮನೆಯಲ್ಲೇ ಆಳ ತೆಗೆಯುವ ಒಂದು ಉಪಾಯ ನನ್ನಲ್ಲಿ ಉಂಟು, ಅದನ್ನು ಇಲ್ಲಿ ಬರೆಯುವುದಿಲ್ಲ.

ಪತ್ರ ಒಂದೇ ಪುಟ. ಕೋವಿ ನಂಬರು, ಬಿಲ್ಲಿನ ದಿನಾಂಕ, ತೋಟೆಯ ಬ್ಯಾಚು, 25ಕ್ಕೆ 7 ಮತ್ತು 25ಕ್ಕೆ 0, ಎರಡು ಫೋಟೋ. ಕೇಳಿದ್ದು ಮೂರೇ: ಬಲದ ಪಿನ್ನು ಎಷ್ಟು ಹೊರಗೆ ಬರುತ್ತದೆ, ತೋಟೆಯ ಅಂಚು ಕೂರುವ ತೋಡು ಎಷ್ಟು ಆಳ, ಒಳಗಿನ ಕುದುರೆಯ (ಪಿನ್ನಿಗೆ ಹೊಡೆಯುವ ಸುತ್ತಿಗೆ) ಸ್ಪ್ರಿಂಗ್ ಅಳತೆಗೆ ಸರಿ ಉಂಟೋ. 'ಪರಿಶೀಲಿಸಿ' ಎಂದು ಬರೆದರೆ 'ಪರಿಶೀಲಿಸಿದ್ದೇವೆ' ಎಂದು ಉತ್ತರ ಬರುತ್ತದೆ. ಅಳತೆ ಕೇಳಿದರೆ ಯಾರಾದರೂ ಅಳೆಯಲೇಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಶೀದಿ ಇಟ್ಟುಕೊಂಡೆ. ಮೊದಲ ಉತ್ತರದಲ್ಲಿ ಸರ್ವೀಸ್ ಚಾರ್ಜ್ 6,800 ಎಂದರು. 2019ರ ಗ್ರಾಹಕ ರಕ್ಷಣಾ ಕಾಯಿದೆಯಲ್ಲಿ ನಾನು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ, ಅವಧಿ ಎರಡು ವರ್ಷ ಎಂದು ಮರುಪತ್ರದಲ್ಲಿ ಬರೆದೆ. ಅದರ ಕೊನೆಯ ಸಾಲು ನನ್ನಲ್ಲೇ ಇರಲಿ. ಹನ್ನೊಂದನೆಯ ದಿನ ಫೋನ್ ಬಂತು.

ಕೋವಿ ಕಳಿಸುವಾಗ ನಮ್ಮ ಗಡಿಯವರಿಗೆ ಒಂದು ತೊಡಕು. ಮಂಗಳೂರು ಹತ್ತಿರ, ಆದರೆ ಲೈಸೆನ್ಸಿನ ವ್ಯಾಪ್ತಿಯ ಕಾಲಮಿನಲ್ಲಿ ಕೇರಳ ಮಾತ್ರ ಇದ್ದರೆ ತಲಪಾಡಿ ಗಡಿ ದಾಟುವಂತಿಲ್ಲ. ಕೇರಳದೊಳಗಿನ ಲೈಸೆನ್ಸ್ ಇರುವ ಡೀಲರಿನ ಮೂಲಕವೇ ಕಳಿಸಿದೆ. ಅವರ ರಿಜಿಸ್ಟರಿನಲ್ಲಿ ನಂಬರು ಬರೆಸಿ ರಶೀದಿ ಪಡೆದು, ಪ್ರತಿಯನ್ನು ಠಾಣೆಗೂ ಕೊಟ್ಟೆ. ಪ್ಯಾಕಿಂಗ್, ಸಾಗಾಟ 3,500, ತೋಟೆ ಸುಮಾರು 6,000, ಓಡಾಟ 2,000, ಮೊದಲಿನ 1,800. ಒಟ್ಟು 13,000ದ ಹತ್ತಿರ. ನಳಿಗೆ ಬದಲಿಸುವ ಪರೀಕ್ಷೆಯನ್ನು ಮೊದಲೇ ಮಾಡಿದ್ದರೆ 1,800 ಉಳಿಯುತ್ತಿತ್ತು.

ನಡುವೆ ಇನ್ನೆರಡು ಪ್ರಯೋಗ ಮಾಡಿದೆ. ಮಳೆಗಾಲದ ಮೊದಲು ಮತ್ತು ನಂತರ ತೋಟೆಗಳನ್ನು ಚಿನ್ನದ ತಕ್ಕಡಿಯಲ್ಲಿ ತೂಗಿದೆ. ಹಳೆಯ ಕಾಗದದ ಕೇಸಿನವು ಮುಕ್ಕಾಲು ಗ್ರಾಂ ಏರಿ, ಉಬ್ಬಿ, ನಳಿಗೆಗೆ ಹೊಗಲಿಲ್ಲ. ಸಿಲಿಕಾ ಜೆಲ್ ಹಾಕಿದ ಬಿಸ್ಕತ್ತು ಡಬ್ಬಿಯ ಪ್ಲಾಸ್ಟಿಕ್ ಕೇಸಿನವು ಒಂದಿಷ್ಟೂ ಬದಲಾಗಲಿಲ್ಲ. ಇನ್ನೊಂದು ತೆಂಗಿನೆಣ್ಣೆ. ನಮ್ಮಲ್ಲಿ ಎಲ್ಲರೂ ಅದನ್ನೇ ಕೋವಿಗೆ ಹಚ್ಚುವುದು. 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಧನುರ್ಮಾಸದ ಬೆಳಗ್ಗೆ ಪಿನ್ನಿನ ತೂತಿನಲ್ಲಿ ಗಟ್ಟಿಯಾಗಿ ಕೂತರೆ ಪೆಟ್ಟು ಮೆತ್ತಗಾಗುತ್ತದೆ, ಕಂಪೆನಿಗೆ ನೆಪವೂ ಸಿಗುತ್ತದೆ. ಈಗ ತೆಳ್ಳಗಿನ ಮೆಶಿನ್ ಎಣ್ಣೆ ಎರಡೇ ಹನಿ. ಚುನಾವಣೆಯ ಸಮಯದಲ್ಲಿ ಕೋವಿಯನ್ನು ಡೆಪಾಸಿಟ್ ಮಾಡುವಾಗಲೂ ಒರೆಸಿ, ಎಣ್ಣೆ ಹಚ್ಚಿ, ಫೋಟೋ ತೆಗೆದೇ ಕೊಡುವುದು. ತುಕ್ಕಿನ ಮಾತು ಬಂದಾಗ ನನಗೆ ನೆರವಾದದ್ದು 2024ರ ಮಾರ್ಚಿನ ಆ ಫೋಟೋಗಳೇ.

2022ರಲ್ಲಿ ಕಾಡುಹಂದಿ ಕೊಲ್ಲಿಸಲು ಆದೇಶ ಕೊಡುವ ಅಧಿಕಾರ ಕೇರಳದಲ್ಲಿ ಪಂಚಾಯತ್ ಅಧ್ಯಕ್ಷರಿಗೆ ಬಂದ ಮೇಲೆ ನಮ್ಮ ಕೋವಿಗಳಿಗೆ ಕೆಲಸ ಹೆಚ್ಚಿದೆ. ಗಾಯಗೊಂಡ ಹಂದಿ ಎದುರು ನುಗ್ಗುವಾಗ 'ಟಕ್' ಅನ್ನುವ ಕೋವಿ ಜೀವಕ್ಕೇ ಅಪಾಯ. ಅದಕ್ಕೇ ಇಷ್ಟು ಹಟ ಹಿಡಿದೆ.

ಬದಲಿಸಿದ ಹಳೆಯ ಭಾಗ ವಾಪಸು ಬೇಕೆಂದು ಮೊದಲ ಪತ್ರದಲ್ಲೇ ಬರೆದಿದ್ದೆ, ನೀವೂ ಬರೆಯಿರಿ. ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಕಳಿಸಿದರು. ಪಿನ್ನಿನ ತುದಿ ದುಂಡಗಿರಬೇಕಾದಲ್ಲಿ ಅರ ಹಾಕಿ ತಿಕ್ಕಿದ ಹಾಗೆ ಚಪ್ಪಟೆ, ಒಂದು ಅಂಚು ಚಕ್ಕೆ ಎದ್ದಿದೆ. ಫೋಟೋದಲ್ಲಿ ಗುಳಿ ವಾಲಿದ್ದೂ ಅದೇ ಬದಿಗೆ.