ಕಿಲುಬು ಹಿಡಿದ ಪುಟ್ಟ ಹಬೆ ಇಂಜಿನ್ ಮತ್ತೆ ಓಡಿದ್ದು: ನನ್ನ ಅನುಭವ

ನನ್ನ ಕೈಗೆ ಬಂದಾಗ ಅದರ ಚಕ್ರ ತಿರುಗುತ್ತಿರಲಿಲ್ಲ. ಹಿತ್ತಾಳೆ ಬಾಯ್ಲರ್ ಕಪ್ಪಗಾಗಿತ್ತು. ಸ್ಕ್ರೂಗಳ ಸುತ್ತ ಹಸಿರು ಕಿಲುಬು, ತಳದ ತಗಡಿಗೆ ತುಕ್ಕು, ಕೆಂಪು ಚಕ್ರದ ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ನೋಡಿದವರೆಲ್ಲ ಶೋಕೇಸಿನಲ್ಲಿ ಇಡು, ಚೆನ್ನಾಗಿರುತ್ತೆ ಅಂದರು. ನನಗೆ ಅದು ಓಡಬೇಕಿತ್ತು.

ಅದು ಮಾಮೋಡ್ ಕಂಪನಿಯ ಒಂದು ಸಣ್ಣ ಆಟಿಕೆ ಇಂಜಿನ್, ನಿಜವಾದ ಹಬೆಯಲ್ಲೇ ಓಡುವಂಥದ್ದು. 1937ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಜೆಫ್ರಿ ಮ್ಯಾಲಿನ್ಸ್ ಎಂಬುವರು ಶುರು ಮಾಡಿದ ಕಂಪನಿ ಇದು. ಇಂಥ ಇಂಜಿನ್ ಸಿಕ್ಕರೆ ಮೊದಲು ಬಾಯ್ಲರ್ ಕೆಳಗೆ ಬೆಂಕಿ ಹೇಗೆ ಹಾಕುತ್ತಿದ್ದರು ಅಂತ ನೋಡಿ, ವಯಸ್ಸು ಗೊತ್ತಾಗುತ್ತೆ. ಮಾಮೋಡ್‌ನವರು 1970ರ ದಶಕದ ಕೊನೆಯ ಭಾಗದಲ್ಲಿ ಸ್ಪಿರಿಟ್ ದೀಪ ಬಿಟ್ಟು ಇಂಧನದ ಬಿಳಿ ಬಿಲ್ಲೆಗಳಿಗೆ ಬದಲಾದರು. ನನ್ನದರಲ್ಲಿ ಸ್ಪಿರಿಟ್ ದೀಪ ಇತ್ತು, ಅಂದರೆ ಅದಕ್ಕಿಂತ ಹಳೆಯದು. ಜರ್ಮನಿಯ ವಿಲೆಸ್ಕೋ ಇನ್ನೂ ಹಳೇ ಕಂಪನಿ, 1912ರದ್ದು. ಆದರೆ ಅವರು ಹಬೆ ಇಂಜಿನ್ ಮಾಡಲು ಶುರು ಮಾಡಿದ್ದು 1950ರಲ್ಲಿ. ಅವರದ್ದೂ ಒಂದು ಈಗ ನನ್ನ ಮೇಜಿನ ಮೇಲಿದೆ, ಅದರ ವಿಷಯ ಆಮೇಲೆ ಹೇಳುತ್ತೇನೆ.

ಮಕ್ಕಳನ್ನು ಯಾವಾಗ ಕರೆಯಬೇಕು ಅನ್ನೋ ಪ್ರಶ್ನೆಯಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ತುಂಬಾ ಜನ ಎಲ್ಲ ರಿಪೇರಿ ಮುಗಿಸಿ, ಪಾಲಿಶ್ ಹಾಕಿ, ಓಡಿಸುವ ದಿನ ಮಕ್ಕಳನ್ನು ಕೂರಿಸುತ್ತಾರೆ. ಮಕ್ಕಳು ಐದು ನಿಮಿಷ ಬಾಯಿ ಬಿಟ್ಟು ನೋಡುತ್ತವೆ, ಆಮೇಲೆ ಎದ್ದು ಹೋಗುತ್ತವೆ. ಅದರಲ್ಲಿ ಮಕ್ಕಳ ತಪ್ಪೇನೂ ಇಲ್ಲ, ಅವರ ಪಾಲಿನದ್ದು ಅಲ್ಲಿ ಏನೂ ಇರಲಿಲ್ಲ ಅಲ್ವಾ? ನಾನು ಗಲೀಜು ಇರುವಾಗಲೇ ಕರೆದೆ. ಮಗಳಿಗೆ ಆಗ ಒಂಬತ್ತು, ಅಕ್ಕನ ಮಗನಿಗೆ ಏಳು. ಬಿಚ್ಚಿದ ಪ್ರತಿ ಸ್ಕ್ರೂವನ್ನೂ ಒಂದು ದಪ್ಪ ಕಾಗದದ ಮೇಲೆ, ಇಂಜಿನ್ನಿನ ಚಿತ್ರ ಬರೆದು, ಅದು ಇದ್ದ ಜಾಗದಲ್ಲೇ ಚುಚ್ಚಿಡುವ ಕೆಲಸ ಮಗಳದ್ದು. ತುಕ್ಕು ಹಿಡಿದ ಕಡೆ ಎಣ್ಣೆ ತೊಟ್ಟಿಕ್ಕುವುದು ಅವನದ್ದು. ಎರಡೂ ಸುಮ್ನೆ ಕೊಟ್ಟ ಕೆಲಸ ಅಲ್ಲ. ಆ ಕಾಗದ ಇಲ್ಲದಿದ್ದರೆ ಒಂದೇ ಥರ ಕಾಣುವ ಎರಡು ಅಳತೆಯ ಸ್ಕ್ರೂಗಳನ್ನು ನಾನು ಖಂಡಿತ ಅದಲು ಬದಲು ಮಾಡುತ್ತಿದ್ದೆ.

ಅವರನ್ನು ದೂರ ಇಟ್ಟ ಕೆಲಸವೂ ಇದೆ. ಹಳೇ ಆಟಿಕೆಗಳ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಒಣಗಿದ ಬಣ್ಣವನ್ನು ಕೆರೆದು ಪುಡಿ ಎಬ್ಬಿಸಬಾರದು. ಹಳೇ ದೀಪದ ಒಳಗೆ ತುರುಕಿರುವ ನಾರು ಮತ್ತು ಕೆಲವು ಹಳೇ ವಾಷರ್‌ಗಳು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸ್, ಆಗಿರುವ ಸಾಧ್ಯತೆ ಇದೆ. ನನ್ನ ದೀಪದಲ್ಲೂ ಬೂದು ಬಣ್ಣದ ನಾರು ಇತ್ತು. ಮಕ್ಕಳು ಇಲ್ಲದ ಹೊತ್ತಿನಲ್ಲಿ, ಮಾಸ್ಕ್ ಹಾಕಿ, ಪೂರ್ತಿ ಒದ್ದೆ ಮಾಡಿ ತೆಗೆದು, ಚೀಲದಲ್ಲಿ ಕಟ್ಟಿ, ಅಪಾಯಕಾರಿ ಕಸದ ಜೊತೆ ಕೊಟ್ಟೆ. ಇದು ಕಲ್ನಾರು ಹೌದೋ ಅಲ್ಲವೋ ಅಂತ ಬೆರಳಲ್ಲಿ ಹಿಸುಕಿ ನೋಡುವ ವಿಷಯ ಅಲ್ಲ. ಕಲ್ನಾರು ಅಂತಲೇ ತಿಳಿದು ನಡೆದುಕೊಳ್ಳಿ.

ಶುಚಿ ಮಾಡುವಾಗ ನಾನು ಎರಡು ತಪ್ಪು ಮಾಡಿದೆ. ಬಾಯ್ಲರ್ ಒಳಗೆ ಗಡಸು ನೀರಿನ ಬಿಳಿ ಪದರ ಕಟ್ಟಿತ್ತು. ಅದು ಕರಗಲಿ ಅಂತ ವಿನೆಗರ್ ತುಂಬಿಸಿ, ಹೊರಗೂ ಅದರಲ್ಲೇ ಮುಳುಗಿಸಿ, ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಮೊದಲು ನೋಡಿದವಳು ಮಗಳು. "ಅಪ್ಪ, ಇದ್ಯಾಕೆ ಗುಲಾಬಿ ಬಣ್ಣ ಆಗಿದೆ?" ಅಂದಳು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿಯಲ್ಲಿ ಜಾಸ್ತಿ ಹೊತ್ತು ಬಿಟ್ಟರೆ ಮೇಲಿನ ಪದರದಿಂದ ಸತು ಕರಗಿ ಹೋಗಿ ತಾಮ್ರ ಮಾತ್ರ ಉಳಿಯುತ್ತೆ, ಆ ತಾಮ್ರವೇ ಗುಲಾಬಿಯಾಗಿ ಕಾಣುವುದು. ನನ್ನ ಅದೃಷ್ಟ, ಮೇಲ್ಮೈಯಲ್ಲಿ ಮಾತ್ರ ಆಗಿತ್ತು, ಉಜ್ಜಿದಾಗ ಹೋಯಿತು. ಈಗ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿದ ತೆಳು ನೀರನ್ನು ಒಳಗೆ ಹಾಕಿ, ಹದಿನೈದು ಇಪ್ಪತ್ತು ನಿಮಿಷಕ್ಕೆ ಚೆಲ್ಲಿ, ಚೆನ್ನಾಗಿ ತೊಳೆದು, ಬೇಕಾದರೆ ಇನ್ನೊಮ್ಮೆ ಮಾಡುತ್ತೇನೆ. ಪಕ್ಕದಲ್ಲೇ ಕೂತಿರುತ್ತೇನೆ.

ಎರಡನೇ ತಪ್ಪು ಇನ್ನೂ ನೋಯುತ್ತೆ. ತಳದ ಮೇಲಿದ್ದ ಕಂಪನಿಯ ಹೆಸರಿನ ಅಚ್ಚನ್ನು ಪಾಲಿಶ್ ಹಚ್ಚಿದ ಬಟ್ಟೆಯಲ್ಲಿ ಒರೆಸಿದೆ. ಮೂರು ಅಕ್ಷರ ಬಟ್ಟೆಗೆ ಬಂದುಬಿಟ್ಟವು. ಅಷ್ಟು ವರ್ಷ ಉಳಿದಿದ್ದದ್ದು ಒಂದು ಕ್ಷಣದಲ್ಲಿ ಹೋಯಿತು. ಅವತ್ತಿನಿಂದ ಮೂಲ ಬಣ್ಣ ಎಷ್ಟೇ ಹಾಳಾಗಿರಲಿ, ಸೋಪಿನ ನೀರು ಮತ್ತು ಮೆತ್ತನೆ ಬಟ್ಟೆ, ಅಷ್ಟೇ. ಹೊಸ ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು, ಹಳೆಯದು ಹೋದರೆ ಹೋದ ಹಾಗೆಯೇ.

ಇನ್ನು ಚಕ್ರ ಯಾಕೆ ತಿರುಗುತ್ತಿರಲಿಲ್ಲ ಅನ್ನೋದು. ಈ ಪುಟ್ಟ ಇಂಜಿನ್‌ಗಳಲ್ಲಿ ಹೆಚ್ಚಿನವುಗಳ ಸಿಲಿಂಡರ್ ಒಂದು ಕಡೆ ನಿಂತಿರುವುದಿಲ್ಲ, ತೊಟ್ಟಿಲಿನ ಹಾಗೆ ಆ ಕಡೆ ಈ ಕಡೆ ತೂಗುತ್ತೆ. ಸಿಲಿಂಡರ್ ಮುಖದಲ್ಲಿ ಒಂದು ತೂತು, ಅದು ಒರಗಿಕೊಂಡಿರುವ ಚಪ್ಪಟೆ ತಗಡಿನಲ್ಲಿ ಎರಡು ತೂತು. ಒಂದು ಕಡೆ ವಾಲಿದಾಗ ಹಬೆ ಬರುವ ತೂತಿಗೆ ಸೇರುತ್ತೆ, ಒಳಗೆ ಹಿಂದೆ ಮುಂದೆ ಸರಿಯುವ ಪಿಸ್ಟನ್ ತಳ್ಳಲ್ಪಡುತ್ತೆ. ಇನ್ನೊಂದು ಕಡೆ ವಾಲಿದಾಗ ಹೊರಗೆ ಹೋಗುವ ತೂತಿಗೆ ಸೇರುತ್ತೆ, ಬಳಸಿದ ಹಬೆ ಹೊರಗೆ. ಪಿಸ್ಟನ್ನನ್ನು ವಾಪಸ್ ತರುವುದು ಚಕ್ರದ ಭಾರ. ಎಲ್ಲವನ್ನೂ ಒತ್ತಿ ಹಿಡಿಯುವುದು ಒಂದು ಸಣ್ಣ ಸ್ಪ್ರಿಂಗ್. ನನ್ನದರಲ್ಲಿ ಹಳೇ ಎಣ್ಣೆ ಒಣಗಿ ಅಂಟಿನಂತೆ ಆಗಿ ಪಿಸ್ಟನ್ ಕಚ್ಚಿಕೊಂಡಿತ್ತು. ಅಕ್ಕನ ಮಗ ದಿನಾ ಎರಡು ತೊಟ್ಟು ತೆಳು ಎಣ್ಣೆ ಹಾಕಿದ. ಆರನೇ ದಿನ ಬಿಸಿ ನೀರಲ್ಲಿ ಇಟ್ಟು ಕೈಯಲ್ಲೇ ತಿರುಚಿದಾಗ ಸಡಿಲವಾಯಿತು. ಇಕ್ಕಳ ಹಾಕಿ ಎಳೆಯಬೇಡಿ, ಪಿಸ್ಟನ್ ಕಡ್ಡಿ ಬಾಗಿದರೆ ಮುಗಿಯಿತು.

ಆ ಎರಡು ಚಪ್ಪಟೆ ಮುಖಗಳು ಸರಿಯಾಗಿ ಕೂರದಿದ್ದರೆ ಹಬೆ ಸೋರುತ್ತೆ, ಇಂಜಿನ್ ಸುಸ್ತಾಗಿ ನಿಲ್ಲುತ್ತೆ. ಸರಿಮಾಡುವುದು ಹೀಗೆ: ದಪ್ಪ ಗಾಜಿನ ಮೇಲೆ 1200 ನಂಬರಿನ ವಾಟರ್ ಪೇಪರ್ (ತುಂಬಾ ನುಣುಪಾದ ಮರಳು ಕಾಗದ) ಹಾಸಿ, ಒಂದು ತೊಟ್ಟು ಎಣ್ಣೆ ಬಿಟ್ಟು, ಸಿಲಿಂಡರ್ ಮುಖವನ್ನು ಅದರ ಮೇಲೆ ಎಂಟು ಅಂಕಿಯ ಆಕಾರದಲ್ಲಿ ಹಗುರವಾಗಿ ಆಡಿಸಬೇಕು. ಮೊದಲು ಆ ಮುಖದ ಮೇಲೆ ಮಾರ್ಕರ್ ಪೆನ್ನಿನಲ್ಲಿ ಅಡ್ಡಡ್ಡ ಗೆರೆ ಎಳೆಯಿರಿ. ಗೆರೆ ಎಲ್ಲಿ ಅಳಿಸಿತೋ ಅದು ಎತ್ತರದ ಜಾಗ, ಎಲ್ಲಿ ಉಳಿಯಿತೋ ಅದು ತಗ್ಗು. ಮಗಳು ಹತ್ತು ಸುತ್ತು ಆಡಿಸಿ ಎತ್ತಿ ನೋಡುವುದು, ಒರೆಸುವುದು, ಮತ್ತೆ ಹತ್ತು ಸುತ್ತು. ತೂತಿನ ಪಕ್ಕದಲ್ಲಿ ಕೂದಲಿನಷ್ಟು ಒಂದು ಗೆರೆ ಮಾತ್ರ ಹಠ ಹಿಡಿದು ಉಳಿಯಿತು. ಅವಳೂ ಹಠ ಬಿಡಲಿಲ್ಲ. ಸುಮಾರು ಮುಕ್ಕಾಲು ಗಂಟೆ ಕೂತಿದ್ದಳು. ಆ ಮುಖ ಕೊನೆಗೆ ಮಿಂಚಲಿಲ್ಲ, ಎಲ್ಲ ಕಡೆ ಒಂದೇ ಸಮನಾದ ಮಂಕು ಬಣ್ಣಕ್ಕೆ ಬಂತು. ಬೇಕಾಗಿದ್ದದ್ದು ಅದೇ.

ಆಮೇಲೆ ನಾನು ಎಲ್ಲರಿಗೂ ಹೇಳುವ ಒಂದು ಉಪಾಯ. ಬೆಂಕಿ ಹಚ್ಚುವ ಮೊದಲು ಗಾಳಿಯಲ್ಲಿ ಓಡಿಸಿ. ಸೈಕಲ್ ಪಂಪಿನ ಕೊಳವೆಯನ್ನು ಸಿಲಿಂಡರ್‌ಗೆ ಹೋಗುವ ಪೈಪಿಗೆ ಜೋಡಿಸಿ, ಒಬ್ಬರು ಪಂಪ್ ಒತ್ತಿದರೆ ಇನ್ನೊಬ್ಬರು ಚಕ್ರ ತಳ್ಳಬಹುದು. ಗಾಳಿ ನೇರ ಸಿಲಿಂಡರಿಗೆ ಹೋಗಬೇಕು, ಹಳೇ ಬಾಯ್ಲರ್ ಒಳಗೆ ಮಾತ್ರ ಗಾಳಿ ತುಂಬಿಸಬಾರದು. ಅಕ್ಕನ ಮಗ ಪಂಪ್ ಒತ್ತಿದ, ಮಗಳು ಚಕ್ರ ತಳ್ಳಿದಳು, ಅದು ಟಕಟಕ ಅಂತ ಏಳೆಂಟು ಸುತ್ತು ಓಡಿತು. "ಮಾಮ, ನಾನು ಓಡಿಸ್ದೆ!" ಅಂತ ಅವನು ಕೂಗಿದ್ದು ನನಗೆ ಈಗಲೂ ಕೇಳುತ್ತೆ. ನಿಜವಾಗಿ ಅವನೇ ಓಡಿಸಿದ್ದು.

ಬಾಯ್ಲರ್ ಪರೀಕ್ಷೆಯಲ್ಲಿ ಯಾವ ರಿಯಾಯಿತಿಯೂ ಇಲ್ಲ. ಹಳೇ ಬಾಯ್ಲರಿಗೆ ಮೊದಲು ತಣ್ಣೀರಿನ ಪರೀಕ್ಷೆ, ಆಮೇಲೆ ಬೆಂಕಿ. ಒಳಗೆ ಗಾಳಿ ಉಳಿಯದಂತೆ ಪೂರ್ತಿ ನೀರು ತುಂಬಿಸಿ, ಸಣ್ಣ ಕೈಪಂಪು ಮತ್ತು ಪ್ರೆಶರ್ ಗೇಜ್ ಜೋಡಿಸಿ, ಅದು ಕೆಲಸ ಮಾಡುವ ಒತ್ತಡದ ಎರಡರಷ್ಟಕ್ಕೆ ಏರಿಸಿ ಹಿಡಿಯುತ್ತೇನೆ. ಈ ಗಾತ್ರದ ಇಂಜಿನ್‌ಗಳು ಸಾಮಾನ್ಯವಾಗಿ ಒಂದು, ಒಂದೂವರೆ ಬಾರ್ ಒತ್ತಡದಲ್ಲಿ ಓಡುತ್ತವೆ (ಒಂದು ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು). ನೀರೇ ಯಾಕೆ ಅಂತ ಮಕ್ಕಳು ಕೇಳಿದರು. ಸೂಜಿ ಇಲ್ಲದ ಸಿರಿಂಜ್ ಕೊಟ್ಟು, ತುದಿಯನ್ನು ಬೆರಳಿಂದ ಮುಚ್ಚಿ ಒತ್ತಿ ನೋಡಿ ಅಂದೆ. ಗಾಳಿ ಇದ್ದಾಗ ಒತ್ತಬಹುದು, ಬಿಟ್ಟರೆ ಪುಟಿದು ವಾಪಸ್ ಬರುತ್ತೆ. ನೀರು ತುಂಬಿದಾಗ ಜಗ್ಗುವುದೇ ಇಲ್ಲ. ಪುಟಿಯುವುದು ಒಡೆದರೆ ಸಿಡಿಯುತ್ತೆ, ಜಗ್ಗದ್ದು ಒಡೆದರೆ ಸುಮ್ನೆ ಸೋರುತ್ತೆ. ಇದಕ್ಕಿಂತ ಚೆನ್ನಾಗಿ ನನಗೆ ವಿವರಿಸಲು ಬರುವುದಿಲ್ಲ, ಅವರಿಗೆ ಪೂರ್ತಿ ಅರ್ಥವಾಯಿತು. ಒಣ ಟಿಶ್ಯೂ ಪೇಪರಿನಿಂದ ಪ್ರತಿ ಬೆಸುಗೆಯನ್ನೂ ಒತ್ತಿ ನೋಡುವುದು ಅವರ ಕೆಲಸವಾಯಿತು. ಹಬೆ ಪೈಪ್ ಬಾಯ್ಲರಿಗೆ ಸೇರುವ ಕಡೆ ಸಾಸಿವೆ ಕಾಳಿನಷ್ಟು ಒದ್ದೆ ಕಂಡಿತು. ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನು ಮತ್ತೆ ಬೆಸೆದು, ಮತ್ತೆ ಪರೀಕ್ಷೆ ಮಾಡಿದೆವು. ಸೇಫ್ಟಿ ವಾಲ್ವ್ ಹಳೆಯದನ್ನು ರಿಪೇರಿ ಮಾಡಲು ಹೋಗಲಿಲ್ಲ. ಅದೇ ಅಳತೆಯ ತಿರುಪಿನ ಹೊಸದನ್ನು ಹಾಕಿ, ಹಳೆಯದನ್ನು ನೆನಪಿಗೆ ಡಬ್ಬಿಯಲ್ಲಿ ಇಟ್ಟಿದ್ದೇವೆ.

ಬಾಯ್ಲರ್ ಒಣಗಬಾರದು, ಇದನ್ನು ಮಕ್ಕಳಿಗೆ ಮೊದಲೇ ಹೇಳಿಕೊಟ್ಟೆ. ಒಳಗೆ ನೀರು ಇರುವವರೆಗೆ ಲೋಹ ನೀರಿನ ಬಿಸಿಯನ್ನು ಜಾಸ್ತಿ ಮೀರುವುದಿಲ್ಲ. ಗೇಜ್ ಒಂದು ಬಾರ್ ತೋರಿಸುವಾಗ ನೀರು ಕುದಿಯುವುದು ಸುಮಾರು 120 ಡಿಗ್ರಿಗೆ. ತವರ-ಸೀಸದ ಮೆದು ಬೆಸುಗೆ ಕರಗಲು ಶುರುವಾಗುವುದು 183 ಡಿಗ್ರಿಗೆ. ನೀರು ಮುಗಿದರೆ ಈ ಅಂತರ ನೋಡ್ತಾ ನೋಡ್ತಾ ಮುಗಿಯುತ್ತೆ. ಆದ್ದರಿಂದ ನಾವು ಸ್ಪಿರಿಟ್ಟನ್ನು ಸಿರಿಂಜಿನಲ್ಲಿ ಅಳೆದು ಹಾಕುತ್ತೇವೆ, ನೀರು ಮುಗಿಯುವ ಮೊದಲು ಬೆಂಕಿ ಆರಬೇಕು. ಅಳತೆ ಎಷ್ಟು ಅಂತ ಮೊದಲ ಕೆಲವು ಸಲ ಓಡಿಸಿ, ಉಳಿದ ನೀರು ಅಳೆದು, ಒಂದು ಪುಸ್ತಕದಲ್ಲಿ ಬರೆದುಕೊಂಡೆವು. ಮಗಳ ಅಕ್ಷರ, ನನ್ನ ಲೆಕ್ಕ.

ಸ್ಪಿರಿಟ್ ಬಗ್ಗೆ ಇನ್ನೊಂದು ಮಾತು. ಬಿಸಿಲಿನಲ್ಲಿ ಅದರ ಜ್ವಾಲೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಆರಿದೆ ಅಂದುಕೊಂಡು ಬಿಸಿ ದೀಪಕ್ಕೆ ಮತ್ತೆ ಸ್ಪಿರಿಟ್ ಹಾಕಲು ಹೋದರೆ ಬೆಂಕಿ ಬಾಟಲಿಗೇ ಬರುತ್ತೆ. ನಾವು ನೆರಳಿನಲ್ಲಿ ಓಡಿಸುತ್ತೇವೆ, ಪೂರ್ತಿ ತಣ್ಣಗಾಗದೆ ದೀಪ ತುಂಬಿಸುವುದಿಲ್ಲ, ತುಂಬಿಸುವುದು ಮತ್ತು ಹಚ್ಚುವುದು ದೊಡ್ಡವರು ಮಾತ್ರ. ಬಿಲ್ಲೆ ಇಂಧನವಾದರೆ ಅದರ ಹೊಗೆ ಒಳ್ಳೆಯದಲ್ಲ, ಗಾಳಿ ಆಡುವ ಜಾಗ ಬೇಕು. ಒದ್ದೆ ಬಟ್ಟೆ ಪಕ್ಕದಲ್ಲಿ, ಉದ್ದ ಕೂದಲು ಕಟ್ಟಿ, ಸಡಿಲ ತೋಳು ಮಡಿಚಿ. ಇಷ್ಟೇ.

ಮೊದಲ ಸಲ ಹಬೆ ಹಾಕಿದ ದಿನ ಬಾಯ್ಲರಿಗೆ ಮುಕ್ಕಾಲು ಭಾಗ ಬಿಸಿ ಡಿಸ್ಟಿಲ್ಡ್ ವಾಟರ್ ಹಾಕಿದೆವು. ಸಿಲಿಂಡರಿಗೆ ಹಬೆ ಇಂಜಿನ್ನಿಗೆಂದೇ ಮಾಡಿದ ದಪ್ಪ ಎಣ್ಣೆ, ಮಾಮೂಲಿ ಎಣ್ಣೆ ಹಬೆಗೆ ತೊಳೆದು ಹೋಗುತ್ತೆ. ದೀಪ ಒಳಗೆ ತಳ್ಳಿದ ಮೇಲೆ ಒಂದೆರಡು ನಿಮಿಷ ಏನೂ ಇಲ್ಲ. ಆಮೇಲೆ ಬಾಯ್ಲರ್ ಸಣ್ಣಗೆ ಗುನುಗಲು ಶುರು ಮಾಡಿತು. ಸಿಲಿಂಡರ್ ಹತ್ತಿರ ನೀರಿನ ಹನಿ ಪಿಚಕ್ಕನೆ ಹಾರಿತು. ಮಗಳು ಕೋಲಿನ ತುದಿಯಿಂದ ಚಕ್ರ ತಳ್ಳಿದಳು, ಅರ್ಧ ಸುತ್ತು ಹೋಗಿ ನಿಂತಿತು. ತಣ್ಣಗಿನ ಸಿಲಿಂಡರಿನಲ್ಲಿ ಹಬೆ ನೀರಾಗಿಬಿಡುತ್ತೆ, ಮೊದಲು ಅದು ಹೊರಗೆ ಹೋಗಬೇಕು. ಮತ್ತೆ ತಳ್ಳಿದಳು. ನಾಲ್ಕನೇ ಸಲ ಕೆಮ್ಮಿದಂತೆ ಎರಡು ಸುತ್ತು, ಐದನೇ ಸಲ ಹಿಡಿದುಕೊಂಡಿತು. ಚಕ್ರದ ಅರಗಳು ಕಾಣದಾದವು. ಬಿಸಿ ಎಣ್ಣೆಯ ಒಂದು ವಾಸನೆ ಇದೆಯಲ್ಲ, ಅದು ಕೋಣೆಯೆಲ್ಲ ಹರಡಿತು. ಯಾರೂ ಮಾತಾಡಲಿಲ್ಲ, ನಾನಂತೂ ಆಡುವ ಸ್ಥಿತಿಯಲ್ಲಿ ಇರಲಿಲ್ಲ.

ಅಕ್ಕನ ಮಗ ಪೈಪಿನ ತುದಿಯನ್ನೇ ನೋಡುತ್ತಿದ್ದ. "ಮಾಮ, ಪೈಪ್ ಬಾಯಲ್ಲಿ ಹೊಗೆ ಇಲ್ಲ, ಸ್ವಲ್ಪ ದೂರದಿಂದ ಶುರು ಆಗತ್ತೆ" ಅಂದ. ಹೌದು, ನಿಜವಾದ ಹಬೆ ಕಣ್ಣಿಗೆ ಕಾಣುವುದಿಲ್ಲ. ನಮಗೆ ಬಿಳಿಯಾಗಿ ಕಾಣುವುದು ತಣ್ಣಗಾಗಿ ಮತ್ತೆ ಸಣ್ಣ ಹನಿಗಳಾದ ನೀರು. ಅದಕ್ಕೇ ಏನೂ ಕಾಣದ ಆ ಜಾಗದಲ್ಲೇ ಬೆರಳು ಸುಡುವುದು ಅಂತ ಹೇಳಿದೆ. ಒಂದು ಟೀ ಚಮಚ ನೀರು, ಅಂದರೆ 5 ಮಿಲಿ, ಹಬೆಯಾದರೆ ಸುಮಾರು 8 ಲೀಟರ್ ಜಾಗ ಬೇಡುತ್ತೆ. ಅವನು ಒಂದು ಲೀಟರಿನ ಎಂಟು ಖಾಲಿ ಬಾಟಲಿಗಳನ್ನು ತಂದು ಸಾಲಾಗಿ ಜೋಡಿಸಿ, ಮುಂದೆ ಒಂದು ಚಮಚ ಇಟ್ಟ. ಆ ಸಾಲನ್ನು ತೆಗೆಯಲು ಎರಡು ದಿನ ಬಿಡಲಿಲ್ಲ.

ಓಡಿಸಿದ ಮೇಲೆ ಮಾಡಬೇಕಾದ್ದು ಸ್ವಲ್ಪ, ಆದರೆ ತಪ್ಪಿಸಬಾರದು. ಒತ್ತಡ ಪೂರ್ತಿ ಇಳಿದ ಮೇಲೆ, ಇನ್ನೂ ಬೆಚ್ಚಗಿರುವಾಗ ನೀರು ಚೆಲ್ಲಿದರೆ ಉಳಿದ ತೇವ ತಾನೇ ಆರುತ್ತೆ. ಎಣ್ಣೆ ಮಿಶ್ರಿತ ನೀರು ಎಲ್ಲ ಕಡೆ ಸಿಡಿದಿರುತ್ತೆ, ಒರೆಸಿ. ಸಿಲಿಂಡರಿಗೆ ಒಂದು ತೊಟ್ಟು ಎಣ್ಣೆ ಬಿಟ್ಟು ಚಕ್ರ ಕೈಯಲ್ಲಿ ತಿರುಗಿಸಿ ಇಡಿ.

ಈಗ ಮೇಜಿನ ಮೇಲೆ ಇರುವುದು ಆ ವಿಲೆಸ್ಕೋ. ಇದಕ್ಕೆ ಸೀಟಿ ಇದೆ, ಆದ್ದರಿಂದ ಇಬ್ಬರಿಗೂ ಆತುರ ಜಾಸ್ತಿ. ನೀರಿನ ಮಟ್ಟ ತೋರಿಸುವ ಗಾಜು ಸೋರುತ್ತಿದೆ, ಸೀಟಿಯ ಬುಡದ ವಾಷರ್ ಪುಡಿಯಾಗಿದೆ, ಪಿಸ್ಟನ್ ಕಚ್ಚಿದೆ. ಕಾಗದದ ಮೇಲೆ ಹದಿನಾಲ್ಕು ಸ್ಕ್ರೂ ಚುಚ್ಚಿವೆ. ಎಣ್ಣೆ ಹಾಕುವುದು ಈ ಸಲ ಮಗಳ ಸರದಿ, ಮಾಸ್ಕ್ ಹಾಕುವ ಕೆಲಸ ಇದ್ದರೆ ನನ್ನದು. ವಾಷರ್ ಬಂದ ಮೇಲೆ ತಣ್ಣೀರಿನ ಪರೀಕ್ಷೆ. ಟಿಶ್ಯೂ ಪೇಪರ್ ಅಕ್ಕನ ಮಗ ಈಗಲೇ ತನ್ನ ಪಕ್ಕ ಇಟ್ಟುಕೊಂಡಿದ್ದಾನೆ.