ಸೆಂಟ್ರಲ್ ಪಾರ್ಕಿನಲ್ಲಿ ಹಿಮದ ದಿನವನ್ನು ಕಳೆಯುವ ಬಗೆ

ನ್ಯೂಯಾರ್ಕಿನಲ್ಲಿ ಹಿಮದ ಚೆಲುವಿಗೆ ಆಯುಷ್ಯ ಕಡಿಮೆ. ರಾತ್ರಿಯಿಡೀ ಬಿದ್ದ ಹಿಮ ಬೆಳಗಾಗುವಷ್ಟರಲ್ಲಿ ರಸ್ತೆಗೆ ಚೆಲ್ಲಿದ ಉಪ್ಪಿಗೆ ಕರಗತೊಡಗಿ, ಮಧ್ಯಾಹ್ನದ ಹೊತ್ತಿಗೆ ವಾಹನಗಳ ಕೊಳೆಯೊಂದಿಗೆ ಬೆರೆತು ಕಪ್ಪು ರಾಡಿಯಾಗಿರುತ್ತದೆ. 843 ಎಕರೆಯ ಸೆಂಟ್ರಲ್ ಪಾರ್ಕಿನೊಳಗೆ ಅದು ಇನ್ನಷ್ಟು ಕಾಲ ಬೆಳ್ಳಗೆ ಉಳಿಯುವುದು ನಿಜವಾದರೂ, ಹತ್ತು ಗಂಟೆಯ ನಂತರ ಅಲ್ಲಿಯೂ ಸಾವಿರಾರು ಜನರ ಹೆಜ್ಜೆ ಬೀಳುತ್ತದೆ. ಆದ್ದರಿಂದ ಹಿಮಪಾತ ನಿಂತ ಮರುದಿನ ಸೂರ್ಯೋದಯಕ್ಕೇ ಅಲ್ಲಿರಬೇಕೆಂಬುದು ನನ್ನ ಮೊದಲ ಸಲಹೆ. ಪಾರ್ಕು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಗಾಳಿಯೊಂದಿಗೆ ಹಿಮ ಸುರಿಯುತ್ತಿರುವಾಗ ಮಾತ್ರ ಖಂಡಿತ ಹೋಗಬಾರದು. ಹಿಮದ ಭಾರಕ್ಕೆ ಬಾಗಿದ ಕೊಂಬೆಗಳು ಮುರಿದು ಬೀಳುವುದು ಆಗಲೇ. 2016ರ ಜನವರಿಯಲ್ಲಿ ಒಂದೇ ಬಿರುಗಾಳಿಗೆ ಈ ಪಾರ್ಕಿನಲ್ಲಿ 27.5 ಇಂಚು ಹಿಮ ಬಿದ್ದಿತ್ತು. ಅಂಥ ಹೊತ್ತು ಮನೆಯೊಳಗೆ ಕುಳಿತು ಕಾಫಿ ಕುಡಿಯುವುದಕ್ಕೆ ಸರಿ.

ಉಡುಪಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು, ಏಕೆಂದರೆ ಮಕ್ಕಳ ಮನೆಗೆಂದು ಕರ್ನಾಟಕದಿಂದ ಬಂದಿರುವ ತಂದೆತಾಯಿಯರು ಎಡವುವುದು ಇಲ್ಲಿಯೇ. ಹತ್ತಿಯ ಬಟ್ಟೆಯನ್ನು ಎಷ್ಟು ಪದರ ಹಾಕಿಕೊಂಡರೂ ಪ್ರಯೋಜನವಿಲ್ಲ; ಒಮ್ಮೆ ಒದ್ದೆಯಾದರೆ ಅದು ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಒಳಗೆ ಥರ್ಮಲ್, ಅದರ ಮೇಲೆ ಉಣ್ಣೆಯ ಸ್ವೆಟರ್, ಹೊರಗೆ ನೀರು ಇಳಿಯದ ಜಾಕೆಟ್ ಇರಬೇಕು. ಸೀರೆಯ ಅಂಚು ಹಿಮವನ್ನು ಹೊತ್ತು ಭಾರವಾಗಿ ಕಾಲಿಗೆ ಸುತ್ತಿಕೊಳ್ಳುವುದರಿಂದ ಅಮ್ಮಂದಿರು ಅಂದು ಪ್ಯಾಂಟು ಧರಿಸುವುದೇ ಕ್ಷೇಮ. ಊರಿನಿಂದ ತಂದ ಮಂಕಿ ಕ್ಯಾಪನ್ನು ಮಾತ್ರ ಧಾರಾಳವಾಗಿ ಹಾಕಿಕೊಳ್ಳಿ. ಕಿವಿ, ಕುತ್ತಿಗೆ ಎರಡನ್ನೂ ಅದರಷ್ಟು ಚೆನ್ನಾಗಿ ಮುಚ್ಚುವ ಟೋಪಿ ಇನ್ನೊಂದಿಲ್ಲ. ಒಂದು ಜೊತೆ ಒಣ ಕಾಲುಚೀಲ ಚೀಲದಲ್ಲಿರಲಿ.

ಮಕ್ಕಳಿದ್ದರೆ ಮೊದಲು ಜಾರುವ ದಿಬ್ಬಗಳಿಗೆ ಹೋಗಿ. ಐದನೇ ಅವೆನ್ಯೂ ಕಡೆಯಿಂದ 72ನೇ ಬೀದಿಯಲ್ಲಿ ಒಳಬಂದರೆ ಪಿಲ್‌ಗ್ರಿಮ್ ಹಿಲ್ ಸಿಗುತ್ತದೆ. ಅದರ ಇಳಿಜಾರು ಕಡಿದು, ವೇಗ ಹೆಚ್ಚು. ಚಿಕ್ಕ ಮಕ್ಕಳಿಗೆ 76 ಮತ್ತು 79ನೇ ಬೀದಿಗಳ ನಡುವಿನ ಸೀಡರ್ ಹಿಲ್ ವಾಸಿ. ಕೆಳಗಿನ ಹುಲ್ಲು ಹಾಳಾಗದಿರಲೆಂದು ಕನಿಷ್ಠ ಆರು ಇಂಚು ಹಿಮವಿದ್ದಾಗಲೇ ಇಲ್ಲಿ ಜಾರಲು ಅನುಮತಿಯಿದೆ. ರಟ್ಟಿನ ಡಬ್ಬ ಎರಡು ಸುತ್ತಿಗೇ ನೆನೆದು ಹರಿಯುತ್ತದೆ, ಹಿಮದ ಮೇಲೆ ಕೂತು ಜಾರುವ ಪ್ಲಾಸ್ಟಿಕ್ ಸ್ಲೆಡ್ ಒಯ್ಯಿರಿ. ಕಾಲು ಮುಂದೆ ಮಾಡಿ ಕೂರಿಸಿ, ಎದುರಿಗೆ ಮರವಾಗಲಿ ಬಂಡೆಯಾಗಲಿ ಇಲ್ಲವೆಂದು ನೋಡಿಕೊಂಡು ಬಿಡಿ. ಮೇಲೆ ಹತ್ತುವಾಗ ಜಾರುವವರ ದಾರಿಗೆ ಅಡ್ಡ ಬಾರದೆ ಅಂಚಿನಲ್ಲಿ ನಡೆಯಿರಿ.

ಹಿಮದ ಗೊಂಬೆ ಮಾಡುವ ಮೊದಲು ಒಂದು ಹಿಡಿ ಹಿಮವನ್ನು ಅದುಮಿ ನೋಡಬೇಕು. ಅದು ಹದವಾದ ರವೆ ಉಂಡೆಯಂತೆ ಅಂಗೈಯಲ್ಲಿ ನಿಂತರೆ ಗೊಂಬೆಗೆ ತಕ್ಕದ್ದು. ಹುರಿದ ರವೆಯಂತೆ ಬೆರಳ ಸಂದಿಯಿಂದ ಉದುರಿದರೆ ಆ ಆಸೆ ಬಿಡಬೇಕು. ಚಳಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದ್ದಾಗ ಹಿಮದಲ್ಲಿ ತುಸು ನೀರಿನಂಶವಿದ್ದು ಹರಳುಗಳು ಒಂದಕ್ಕೊಂದು ಅಂಟುತ್ತವೆ, ಚಳಿ ತೀರ ಹೆಚ್ಚಾದರೆ ಒಣಗಿ ಪುಡಿಯಾಗಿಯೇ ಉಳಿಯುತ್ತವೆ.

ಆಟ ಬೇಡವೆನ್ನುವವರು ಎಲ್ಮ್ ಮರಗಳ ಸಾಲಿರುವ ಮಾಲ್ ಎಂಬ ಹಾದಿಯಲ್ಲಿ ನಡೆದು, ಬೆಥೆಸ್ಡಾ ಕಾರಂಜಿಯನ್ನು ದಾಟಿ, 1862ರಲ್ಲಿ ಮುಗಿದ ಎರಕದ ಕಬ್ಬಿಣದ ಬೋ ಸೇತುವೆಯವರೆಗೆ ಹೋಗಬಹುದು. ಪಾರ್ಕಿನ ಅತ್ಯುತ್ತಮ ಭಾಗ ಇದೇ ಎಂಬುದು ನನ್ನ ಅಭಿಪ್ರಾಯ. ಹೊಸ ಹಿಮದ ಹರಳುಗಳ ನಡುವೆ ಗಾಳಿ ತುಂಬಿಕೊಂಡಿರುವುದರಿಂದ ಅದು ಸದ್ದನ್ನು ಹೀರಿಕೊಳ್ಳುತ್ತದೆ. ಅಷ್ಟು ದೊಡ್ಡ ನಗರದ ನಡುವೆ ನಿಂತಿದ್ದರೂ ನಿಮ್ಮ ಬೂಟಿನ ಕರಕರ ಸದ್ದೊಂದೇ ಕೇಳಿಸುತ್ತದೆ. ಸೇತುವೆಯ ಆಚೆಗಿನ ರ‍್ಯಾಂಬಲ್ ಎಂಬ ಕಾಡಿನಂಥ ಜಾಗದ ಬಾಯಲ್ಲಿ ಐದು ನಿಮಿಷ ಅಲುಗದೆ ನಿಂತರೆ, ಬೋಳು ಕೊಂಬೆಯ ಮೇಲೆ ಕುಂಕುಮದ ಬೊಟ್ಟಿಟ್ಟಂತೆ ಕೆಂಪು ಕಾರ್ಡಿನಲ್ ಹಕ್ಕಿ ಬಂದು ಕೂರುವುದನ್ನು ಕಾಣುವ ಅದೃಷ್ಟವೂ ಒದಗಬಹುದು. ಒಳಗಿನ ಕಲ್ಲುಮೆಟ್ಟಿಲುಗಳು ವಿಪರೀತ ಜಾರುತ್ತವೆ, ವಯಸ್ಸಾದವರು ಅಲ್ಲಿಂದಲೇ ಹಿಂದಿರುಗಲಿ.

ಬೋ ಸೇತುವೆಯ ಕೆಳಗಿನ ಕೆರೆ ಎಷ್ಟೇ ಗಟ್ಟಿಯಾಗಿ ಹೆಪ್ಪುಗಟ್ಟಿದಂತೆ ಕಂಡರೂ ಅದರ ಮೇಲೆ ಕಾಲಿಡಬಾರದು. 1858ರ ಡಿಸೆಂಬರಿನಲ್ಲಿ ಜನ ಈ ಪಾರ್ಕಿಗೆ ಬರತೊಡಗಿದ್ದೇ ಈ ಕೆರೆಯ ಮೇಲೆ ಸ್ಕೇಟಿಂಗ್ ಮಾಡುವುದಕ್ಕಾದರೂ, ಇಂದು ಅದಕ್ಕೆ ನಿಷೇಧವಿದೆ. ಸ್ಕೇಟಿಂಗ್ ಬೇಕೆನ್ನುವವರಿಗೆ ದಕ್ಷಿಣ ತುದಿಯ ವೋಲ್ಮನ್ ರಿಂಕ್ ಇದೆ.

ಜನವರಿಯಲ್ಲಿ ಸಂಜೆ ಐದರ ಸುಮಾರಿಗೇ ಸೂರ್ಯ ಮುಳುಗುತ್ತಾನೆ, ಹಿಮ ಮುಚ್ಚಿದ ಕಾಲುದಾರಿಗಳು ಗುರುತು ಸಿಗುವುದಿಲ್ಲ. ದಾರಿ ತಪ್ಪಿದರೆ ಹತ್ತಿರದ ದೀಪದ ಕಂಬದ ಮೇಲಿನ ನಾಲ್ಕು ಅಂಕಿಗಳನ್ನು ಓದಿ. ನೂರನೇ ಬೀದಿಗಿಂತ ದಕ್ಷಿಣದಲ್ಲಿ ಮೊದಲ ಎರಡು ಅಂಕಿಗಳು ಹತ್ತಿರದ ಬೀದಿಯನ್ನು ತಿಳಿಸುತ್ತವೆ. ಕೊನೆಯದು ಸಮಸಂಖ್ಯೆಯಾದರೆ ನೀವು ಪೂರ್ವದಲ್ಲಿದ್ದೀರಿ, ಬೆಸವಾದರೆ ಪಶ್ಚಿಮದಲ್ಲಿ. 72ರಿಂದ ಆರಂಭವಾಗಿ ಬೆಸಸಂಖ್ಯೆಯಲ್ಲಿ ಮುಗಿದಿದ್ದರೆ ಪಶ್ಚಿಮಕ್ಕೆ ನಡೆಯಿರಿ, ಪಾರ್ಕಿನ ಗೋಡೆಯಾಚೆಗೇ ಸಬ್‌ವೇ ನಿಲ್ದಾಣವಿದೆ.